‘ಗುಜರಿ ಕಾರಿಗೆ ಮನೆಯಲ್ಲೇ ಮಾಡಿ ಮುಂಭಾಗದ ಸಸ್ಪೆನ್ಷನ್’: ಈ ವಿಡಿಯೊಗಳು ಹೇಳದೆ ಬಿಡುವುದೇನು?

ಹಳೆಯ ಕಾರೊಂದರ ಬಾಡಿ ಬಿಚ್ಚಿ, ಚಾಸಿ ಕೊಯ್ದು, ಮುಂದಿನ ಎರಡು ಚಕ್ರಗಳನ್ನು ಹೊರಗೆ ಕಾಣುವಂತೆ ಕೂರಿಸಿ, ಮೂತಿಯನ್ನು ನೆಲಕ್ಕೆ ಬಗ್ಗಿಸಿದ ಗಾಡಿ. ಅಮೆರಿಕದಲ್ಲಿ ಇದಕ್ಕೆ ‘ಹಾಟ್ ರಾಡ್’ ಎನ್ನುತ್ತಾರೆ. ಇಂಥ ಗಾಡಿ ಕಟ್ಟುವ ವಿಡಿಯೊಗಳು ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಓಡಾಡುತ್ತವೆ. ಒಂದು ವೆಲ್ಡಿಂಗ್ ಮಷಿನ್, ಗುಜರಿ ಅಂಗಡಿಯ ಪೈಪು, ಹಳೆ ಮಾರುತಿ 800ರ ಬಿಡಿಭಾಗ ಇದ್ದರೆ ಸಾಕು, ಯಾರು ಬೇಕಾದರೂ ಮಾಡಬಹುದು ಎನ್ನುವುದು ಅವುಗಳ ಸಾರಾಂಶ.

ಹಾಲಾಡಿಯಂಥ ಊರಿನಲ್ಲಿ ಈ ಆಸೆ ಹುಟ್ಟುವುದು ಸಹಜ. ಕುಂದಾಪುರ, ಶಂಕರನಾರಾಯಣ, ಅಮಾಸೆಬೈಲು, ಗೋಳಿಯಂಗಡಿ ಕಡೆಯ ರಸ್ತೆಗಳು ಕೂಡುವ ಜಾಗ ಇದು. ಸುತ್ತಮುತ್ತ ಗ್ಯಾರೇಜುಗಳಿವೆ, ವೆಲ್ಡಿಂಗ್ ಶಾಪುಗಳಿವೆ, ಕೈಯಲ್ಲಿ ಕಸುಬು ಇರುವ ಹುಡುಗರಿದ್ದಾರೆ. ಕೊಲ್ಲೂರಿನಿಂದ ಕೊಡಚಾದ್ರಿಯ ಕಲ್ಲುದಾರಿ ಹತ್ತುವ ಜೀಪುಗಳನ್ನು ನೋಡಿ ಬೆಳೆದವರಿಗೆ, ‘ಇಷ್ಟೆಲ್ಲ ಮಾಡುವವರು ಒಂದು ಕಾರಿನ ಮುಂಭಾಗ ಕಟ್ಟಲಾರರೇ?’ ಎನ್ನಿಸುವುದರಲ್ಲಿ ತಪ್ಪಿಲ್ಲ.

ಆದರೆ ಕಾರಿನ ಮುಂಭಾಗದ ಸಸ್ಪೆನ್ಷನ್ ಮೂರು ಕೆಲಸವನ್ನು ಒಟ್ಟಿಗೆ ಮಾಡುತ್ತದೆ: ಭಾರ ಹೊರುತ್ತದೆ, ಚಕ್ರ ತಿರುಗಲು ಬಿಡುತ್ತದೆ, ಬ್ರೇಕಿನ ಬಲ ತಡೆಯುತ್ತದೆ. ಇದರಲ್ಲಿ ಒಂದು ಕೈಕೊಟ್ಟರೂ ಗಾಡಿ ಚಾಲಕನ ಮಾತು ಕೇಳುವುದಿಲ್ಲ. ಹಾಗಾಗಿ ಈ ವಿಡಿಯೊಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತುಗಳನ್ನು ಒಂದೊಂದಾಗಿ ನೋಡೋಣ.

ಮಾತು 1: ‘ಸ್ಪ್ರಿಂಗ್ ಒಂದು ಸುತ್ತು ಕತ್ತರಿಸಿದರೆ ಗಾಡಿ ತಗ್ಗುತ್ತದೆ, ಹಿಡಿತ ಹೆಚ್ಚುತ್ತದೆ’

ಮೊದಲರ್ಧ ನಿಜ, ಎರಡನೆಯದು ನಿಜವಲ್ಲ. ಕಾಯಿಲ್ ಸ್ಪ್ರಿಂಗಿನ ಬಿಗಿತ ಅದರ ಸುತ್ತುಗಳ ಸಂಖ್ಯೆಯನ್ನು ಅವಲಂಬಿಸಿದೆ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿಗಿಯಾಗುತ್ತದೆ. ಕೆಲಸ ಮಾಡುವ ಆರು ಸುತ್ತುಗಳಲ್ಲಿ ಒಂದನ್ನು ಕತ್ತರಿಸಿದರೆ ಬಿಗಿತ ಸುಮಾರು 20% ಏರುತ್ತದೆ. ಜೊತೆಗೆ ಗಾಡಿ ತಗ್ಗಿದ್ದರಿಂದ, ಗುಂಡಿಗೆ ಬಿದ್ದಾಗ ಚಕ್ರ ಮೇಲೇಳಲು ಇರುವ ಜಾಗವೂ ಕಡಿಮೆಯಾಗುತ್ತದೆ. ಬಿಗಿ ಹೆಚ್ಚು, ಜಾಗ ಕಡಿಮೆ. ಉಬ್ಬುತಗ್ಗಿನ ರಸ್ತೆಯಲ್ಲಿ ಟಯರ್ ನೆಲ ಬಿಟ್ಟು ಪುಟಿಯುತ್ತದೆ. ನೆಲ ಬಿಟ್ಟ ಟಯರಿಗೆ ಯಾವ ಹಿಡಿತವೂ ಇಲ್ಲ.

ಇನ್ನೊಂದು ಅಪಾಯವೂ ಇದೆ. ಮಾರುತಿ 800ರಂಥ ಕಾರಿನಲ್ಲಿ ಸ್ಪ್ರಿಂಗ್ ಶಾಕ್ ಅಬ್ಸಾರ್ಬರಿನ ಸುತ್ತ ತಟ್ಟೆಗಳ ನಡುವೆ ಕೂತಿರುತ್ತದೆ. ಚಕ್ರ ಪೂರ್ತಿ ಕೆಳಗಿಳಿದಾಗಲೂ ಸ್ಪ್ರಿಂಗ್ ಸ್ವಲ್ಪ ಒತ್ತಿಕೊಂಡೇ ಇರುವಂತೆ ಅದರ ಉದ್ದ ನಿಗದಿಯಾಗಿದೆ. ಕತ್ತರಿಸಿದ ಸ್ಪ್ರಿಂಗ್ ಆ ಹೊತ್ತಿನಲ್ಲಿ ಸಡಿಲವಾಗಿ ತನ್ನ ಜಾಗದಿಂದ ಜಾರಬಹುದು. ಇನ್ನು ಸರಿಯಾದ ಕಂಪ್ರೆಸರ್ ಇಲ್ಲದೆ ಸ್ಪ್ರಿಂಗ್ ಬಿಚ್ಚುವುದಂತೂ ಬಿಚ್ಚುವವನ ಮುಖ, ಕೈಗಳಿಗೇ ಅಪಾಯ.

ಮಾತು 2: ‘ವೆಲ್ಡಿಂಗ್ ಗಟ್ಟಿಯಾಗಿದ್ದರೆ ಮುರಿಯುವ ಮಾತೇ ಇಲ್ಲ’

ಮನೆಯ ಗೇಟು ಮುರಿಯದಿರಲು ಈ ಮಾತು ಸಾಕು, ಕಾರಿಗೆ ಸಾಲದು. ಗೇಟಿನ ಮೇಲೆ ಭಾರ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. ಚಕ್ರದ ಭಾಗಗಳು ಮಾತ್ರ ಪ್ರತಿ ಕ್ಷಣ ಬಾಗಿ ನೆಟ್ಟಗಾಗುತ್ತಿರುತ್ತವೆ. ಸಣ್ಣ ಕಾರಿನ ಟಯರ್ ಒಂದು ಕಿಲೋಮೀಟರಿಗೆ ಸುಮಾರು 600 ಸುತ್ತು ತಿರುಗುತ್ತದೆ. 100 ಕಿಲೋಮೀಟರ್ ಓಡುವಷ್ಟರಲ್ಲಿ 60,000 ಸುತ್ತು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಒಮ್ಮೆ ತುಂಡಾಗುತ್ತದಲ್ಲ, ಹಾಗೆಯೇ ಲೋಹಕ್ಕೂ ದಣಿವು ಎಂಬುದಿದೆ. ಒಂದೇ ಹೊಡೆತಕ್ಕೆ ಮುರಿಯದ ಭಾಗ, ಸಣ್ಣ ಸಣ್ಣ ಲಕ್ಷ ಹೊಡೆತಗಳಿಗೆ ಮುರಿಯಬಹುದು.

ಈ ಬಿರುಕು ಸಾಮಾನ್ಯವಾಗಿ ಶುರುವಾಗುವುದು ವೆಲ್ಡಿಂಗಿನ ಅಂಚಿನಲ್ಲೇ. ಅಲ್ಲಿ ಕಬ್ಬಿಣ ಕೆಂಪಗೆ ಕಾದು ತಣಿದಿರುತ್ತದೆ, ಅದರ ಒಳಗಿನ ರಚನೆ ಬದಲಾಗಿರುತ್ತದೆ. ಚಕ್ರ ಹಿಡಿದಿಡುವ ನಕಲ್, ಸ್ಟಬ್ ಆ್ಯಕ್ಸೆಲ್‌ನಂಥ ಭಾಗಗಳಿಗೆ ಕಾರ್ಖಾನೆಯಲ್ಲಿ ಲೆಕ್ಕ ಹಾಕಿ ಶಾಖ ಕೊಟ್ಟು ಗಟ್ಟಿತನ ತಂದಿರುತ್ತಾರೆ. ಅವನ್ನು ಕತ್ತರಿಸಿ ಬೆಸೆದರೆ ಆ ಲೆಕ್ಕವೆಲ್ಲ ತಪ್ಪುತ್ತದೆ. ಹೊರಗಿನಿಂದ ನೋಡಲು ಬೆಸುಗೆ ಚೆಂದವೇ ಕಾಣಬಹುದು. ಒಳಗೆ ಹಿಡಿದಿದೆಯೋ ಇಲ್ಲವೋ ತಿಳಿಯಲು ಎಕ್ಸ್‌ರೇ, ಅಲ್ಟ್ರಾಸೌಂಡ್‌ನಂಥ ಪರೀಕ್ಷೆ ಬೇಕು.

‘ಒಂದು ವಾರ ಓಡಿಸಿ ನೋಡಿದೆ, ಏನೂ ಆಗಲಿಲ್ಲ’ ಎನ್ನುವುದು ಪುರಾವೆಯಲ್ಲ ಎಂದು ಹೇಳುವುದು ಇದೇ ಕಾರಣಕ್ಕೆ. ಲೋಹದ ದಣಿವು ಮುನ್ಸೂಚನೆ ಕೊಡದೆ ಕೂಡಿಬರುತ್ತದೆ. ನಮ್ಮ ಕರಾವಳಿಯ ತೇವದಲ್ಲಿ ಪೈಪಿನ ಒಳಗೆ ಹಿಡಿಯುವ ತುಕ್ಕು ಅದನ್ನು ಇನ್ನಷ್ಟು ಬೇಗ ತರುತ್ತದೆ.

ಮಾತು 3: ‘ಜಿಐ ಪೈಪ್ ಸಾಕು, ವೆಲ್ಡಿಂಗ್ ಆದಮೇಲೆ ಹಾಲು ಕುಡಿದರಾಯಿತು’

ನೀರಿನ ಜಿಐ ಪೈಪಿನ ಮೇಲೆ ಸತುವಿನ ಲೇಪ ಇರುತ್ತದೆ. ವೆಲ್ಡಿಂಗಿನ ಶಾಖಕ್ಕೆ ಅದು ಬಿಳಿ ಹೊಗೆಯಾಗಿ ಏಳುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಅದನ್ನು ಉಸಿರಾಡಿದರೆ ಕೆಲವು ಗಂಟೆಗಳ ನಂತರ ಚಳಿ, ಜ್ವರ, ಮೈಕೈ ನೋವು, ಕೆಮ್ಮು ಬರುತ್ತದೆ. ಲೋಹದ ಹೊಗೆಯ ಜ್ವರ ಎಂದೇ ವೈದ್ಯರು ಇದನ್ನು ಗುರುತಿಸುತ್ತಾರೆ. ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಮಳೆಗಾಲದಲ್ಲಿ ಬಂದರೆ ಸಾದಾ ಜ್ವರವೆಂದು ಸುಮ್ಮನಾಗುವುದೇ ಹೆಚ್ಚು.

ಹಾಲಾಗಲಿ, ಬೆಲ್ಲವಾಗಲಿ ಇದನ್ನು ತಡೆಯುವುದಿಲ್ಲ. ಕುಡಿದ ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ತಡೆಯುವುದು ಗಾಳಿಯಾಡುವ ಜಾಗ, ಬೆಸುಗೆಯ ಜಾಗದ ಲೇಪವನ್ನು ಮೊದಲೇ ತೆಗೆಯುವುದು ಮತ್ತು ಹೊಗೆ ಸೋಸುವ ಸರಿಯಾದ ಮಾಸ್ಕ್. ಉಸಿರಾಟಕ್ಕೆ ಕಷ್ಟವಾದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಅಂದಹಾಗೆ, ಜಿಐ ಪೈಪ್ ತಯಾರಾಗುವುದು ನೀರು ಹರಿಯಲು. ಚಕ್ರದ ಆರ್ಮ್ ಆಗಿ ದುಡಿಯಲು ಅಲ್ಲ.

ಮಾತು 4: ‘ಮೂತಿ ತಗ್ಗಿಸಿದರೆ ಲುಕ್ ಬರುತ್ತದೆ, ಬೇರೇನೂ ಬದಲಾಗುವುದಿಲ್ಲ’

ಬದಲಾಗುವುದು ಅಲ್ಲೇ. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದನ್ನು ನೋಡಿದ್ದೀರಿ. ಆ ಓರೆಯಿಂದಲೇ ಹ್ಯಾಂಡಲ್ ತಾನಾಗಿ ನೇರಕ್ಕೆ ಬರುತ್ತದೆ. ಕಾರಿನ ಮುಂಚಕ್ರಕ್ಕೂ ಇಂಥದೇ ಓರೆ ಇದೆ, ಅದರ ಹೆಸರು ಕ್ಯಾಸ್ಟರ್. ಅದು ಕೆಲವೇ ಡಿಗ್ರಿ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ಹಿಂದಕ್ಕೆ ಬರುವುದು ಇದರಿಂದ.

ಮಾರುತಿ 800ರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2175 ಮಿಲಿಮೀಟರ್. ಹಿಂಭಾಗ ಹಾಗೇ ಬಿಟ್ಟು ಮೂತಿಯನ್ನು 75 ಮಿಲಿಮೀಟರ್, ಅಂದರೆ ಮೂರು ಇಂಚು ತಗ್ಗಿಸಿದರೆ ಇಡೀ ಗಾಡಿ ಸುಮಾರು ಎರಡು ಡಿಗ್ರಿ ಮುಂದಕ್ಕೆ ವಾಲುತ್ತದೆ. ಕ್ಯಾಸ್ಟರ್ ಕೂಡ ಅಷ್ಟೇ ಕಡಿಮೆಯಾಗುತ್ತದೆ. ಇದ್ದದ್ದೇ ಕೆಲವು ಡಿಗ್ರಿ, ಅದರಲ್ಲಿ ಎರಡು ಹೋಯಿತು. ನಿಧಾನಕ್ಕೆ ಹೋಗುವಾಗ ಇದು ತಿಳಿಯುವುದಿಲ್ಲ. ವೇಗ ಹೆಚ್ಚಿದಾಗ ಗಾಡಿ ಅತ್ತಿತ್ತ ಅಲೆಯುತ್ತದೆ.

ಚಕ್ರಗಳು ಒಂದಕ್ಕೊಂದು ಸಮಾನಾಂತರವಾಗಿರುವುದೂ ಅಷ್ಟೇ ಮುಖ್ಯ. ಚಕ್ರವೊಂದು ಓಡುವ ದಿಕ್ಕಿಗಿಂತ ಒಂದೇ ಡಿಗ್ರಿ ಓರೆಯಾಗಿದ್ದರೆ, ಪ್ರತಿ ಕಿಲೋಮೀಟರಿಗೆ ಸುಮಾರು 17 ಮೀಟರ್ ಅಡ್ಡಕ್ಕೆ ಉಜ್ಜಿದಂತೆ. ಟಯರ್ ಒಂದೇ ಬದಿ ಸವೆಯುವುದು ಹೀಗೆ. ಟೇಪು ಹಿಡಿದು, ಕಣ್ಣಳತೆಯಲ್ಲಿ ಕೂರಿಸಿದ ಆರ್ಮುಗಳಲ್ಲಿ ಒಂದು ಡಿಗ್ರಿ ತಪ್ಪುವುದು ಬಹಳ ಸುಲಭ.

ಮೂರನೆಯದು ಹೆಚ್ಚಿನ ವಿಡಿಯೊಗಳಲ್ಲಿ ಬರುವುದೇ ಇಲ್ಲ. ಚಕ್ರ ಮೇಲೆ ಕೆಳಗೆ ಆಡುವಾಗ ಲೋವರ್ ಆರ್ಮ್ ಒಂದು ಕಮಾನಿನಲ್ಲಿ ತಿರುಗುತ್ತದೆ, ಟೈ ರಾಡ್ ಇನ್ನೊಂದು ಕಮಾನಿನಲ್ಲಿ. ಎರಡೂ ಹೊಂದದಿದ್ದರೆ ಗುಂಡಿಗೆ ಬಿದ್ದಾಗಲೆಲ್ಲ ಚಕ್ರ ತಾನಾಗಿ ಎಡಕ್ಕೋ ಬಲಕ್ಕೋ ತಿರುಗುತ್ತದೆ. ಚಾಲಕ ಸ್ಟೇರಿಂಗ್ ಗಟ್ಟಿಯಾಗಿ ಹಿಡಿದಿದ್ದರೂ ಸರಿ. ಒಂದು ಕಾರಿನ ಸ್ಟೇರಿಂಗ್ ಬಾಕ್ಸನ್ನು ಮತ್ತೊಂದು ಕಾರಿನ ಆರ್ಮಿಗೆ ಜೋಡಿಸಿದಾಗ ಇದು ಸಾಮಾನ್ಯ ತೊಂದರೆ. ಎದುರಿಗೆ ಬಸ್ಸು ಬರುತ್ತಿರುವ ಕಿರಿದಾದ ರಸ್ತೆಯಲ್ಲಿ, ಮಳೆನೀರು ತುಂಬಿದ ಗುಂಡಿಗೆ ಎಡಚಕ್ರ ಬಿದ್ದ ಕ್ಷಣವನ್ನು ಒಮ್ಮೆ ಊಹಿಸಿಕೊಳ್ಳಿ.

ಮಾತು 5: ‘ಅಮೆರಿಕದಲ್ಲಿ ಮಾಡುತ್ತಾರೆ, ನಮಗೇಕೆ ಆಗದು?’

ಅಮೆರಿಕದ ಹಾಟ್ ರಾಡ್‌ಗಳೂ ಬಡ ಹುಡುಗರ ಶೆಡ್ಡಿನಲ್ಲೇ ಹುಟ್ಟಿದವು. 1930ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಯುವಕರು ಹಳೆಯ ಫೋರ್ಡ್ ಕಾರುಗಳನ್ನು ಹಗುರ ಮಾಡಿ, ಒಣಗಿದ ಸರೋವರಗಳ ಸಪಾಟು ನೆಲದಲ್ಲಿ ಓಡಿಸುತ್ತಿದ್ದರು. ಆ ಫೋರ್ಡುಗಳ ಮುಂಭಾಗ ಸರಳ: ಒಂದೇ ಗಟ್ಟಿ ಆ್ಯಕ್ಸೆಲ್, ಅದರ ಮೇಲೆ ಅಡ್ಡಲಾಗಿ ಒಂದು ಲೀಫ್ ಸ್ಪ್ರಿಂಗ್. ಆದರೆ ಬೀದಿ ರೇಸುಗಳ ಅಪಘಾತಗಳು ಸಮಸ್ಯೆಯಾದವು. 1951ರಲ್ಲಿ ವಾಲಿ ಪಾರ್ಕ್ಸ್ ಕಟ್ಟಿದ ರಾಷ್ಟ್ರೀಯ ಹಾಟ್ ರಾಡ್ ಸಂಘದ ಮುಖ್ಯ ಗುರಿಯೇ ಈ ಹುಡುಗರನ್ನು ಬೀದಿಯಿಂದ ಟ್ರ್ಯಾಕಿಗೆ ತಂದು, ಸುರಕ್ಷತಾ ನಿಯಮಗಳಿಗೆ ಒಳಪಡಿಸುವುದಾಗಿತ್ತು. ಬ್ರಿಟನ್ನಿನಲ್ಲೂ ಮನೆಯಲ್ಲಿ ಕಟ್ಟಿದ ಕಾರು ರಸ್ತೆಗಿಳಿಯಬೇಕಾದರೆ ಆ ಒಂದು ಗಾಡಿಗೇ ಪ್ರತ್ಯೇಕ ಸರ್ಕಾರಿ ತಪಾಸಣೆ ಇದೆ.

ನಮ್ಮಲ್ಲಿನ ದಾರಿ ಬೇರೆ. ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಂತೆ, ತಯಾರಕರು ಪ್ರತಿ ಹೊಸ ಮಾದರಿಯನ್ನು ಪುಣೆಯ ಎಆರ್‌ಎಐನಂಥ ಅಧಿಕೃತ ಸಂಸ್ಥೆಯಲ್ಲಿ ಪರೀಕ್ಷೆಗೆ ಒಪ್ಪಿಸಿ ಪ್ರಮಾಣಪತ್ರ ಪಡೆಯಬೇಕು. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52, ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದಂತೆ ವಾಹನ ಬದಲಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್, ಕೇರಳ ಹೈಕೋರ್ಟಿನ ತೀರ್ಪನ್ನು ಬದಿಗೊತ್ತಿ ಇದನ್ನೇ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ ಸೆಕ್ಷನ್ 182ಎ ಪ್ರಕಾರ, ಅನುಮತಿ ಇಲ್ಲದೆ ಬಿಡಿಭಾಗ ಬದಲಿಸಿ ವಾಹನದ ರೂಪ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಅಥವಾ ಎರಡೂ.

‘ನಮ್ಮ ತೋಟದೊಳಗೆ ಓಡಿಸುತ್ತೇವೆ’ ಎನ್ನುವವರೂ ಇದ್ದಾರೆ. ನೋಂದಣಿ ಕಡ್ಡಾಯ ಮಾಡುವ ಸೆಕ್ಷನ್ 39ರಲ್ಲಿ ‘ಸಾರ್ವಜನಿಕ ಸ್ಥಳ’ದ ಜೊತೆಗೆ ‘ಬೇರಾವುದೇ ಸ್ಥಳ’ ಎಂಬ ಮಾತೂ ಇದೆ.

ಅರ್ಧ ಮಾತ್ರ ಹರಿದಾಡುವ ಕಥೆ

ಇಂಥ ಚರ್ಚೆಯಲ್ಲಿ ಬರುವ ಒಂದು ನಿಜವಾದ ಉದಾಹರಣೆ, ಕರ್ನಾಟಕದ ಗಡಿಗೆ ಅಂಟಿಕೊಂಡ ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆಯ ದತ್ತಾತ್ರೇಯ ಲೋಹಾರ್ ಅವರದು. ಕಮ್ಮಾರಿಕೆ ಕಸುಬಿನ ಅವರು ಸುಮಾರು 60,000 ರೂ. ಖರ್ಚಿನಲ್ಲಿ, ಬೈಕಿನಂತೆ ಕಿಕ್ ಹೊಡೆದು ಸ್ಟಾರ್ಟ್ ಮಾಡುವ ಪುಟ್ಟ ನಾಲ್ಕು ಚಕ್ರದ ಗಾಡಿ ಕಟ್ಟಿದರು. 2021ರ ಡಿಸೆಂಬರಿನಲ್ಲಿ ಆನಂದ್ ಮಹೀಂದ್ರಾ ಆ ವಿಡಿಯೊ ಹಂಚಿಕೊಂಡರು. ಹೊಗಳಿಕೆಯ ಭಾಗ ಎಲ್ಲೆಡೆ ಹರಿದಾಡಿತು. ಈ ಗಾಡಿ ನಿಯಮಗಳಿಗೆ ಹೊಂದುವುದಿಲ್ಲ, ಅಧಿಕಾರಿಗಳು ಮುಂದೊಂದು ದಿನ ತಡೆಯುತ್ತಾರೆ, ಹಾಗಾಗಿ ಅದಕ್ಕೆ ಬದಲಾಗಿ ಬೊಲೆರೊ ಕೊಡುತ್ತೇನೆ ಎಂದು ಅವರೇ ಹೇಳಿದ್ದು ಮಾತ್ರ ಹಲವು ಫಾರ್ವರ್ಡುಗಳಲ್ಲಿ ಬಿಟ್ಟುಹೋಯಿತು. 2022ರ ಜನವರಿಯಲ್ಲಿ ಆ ಕುಟುಂಬಕ್ಕೆ ಬೊಲೆರೊ ಸಿಕ್ಕಿತು. ಲೋಹಾರ್ ಅವರ ಕೈಚಳಕ ನಿಜ. ಆ ಗಾಡಿ ರಸ್ತೆಗೆ ಯೋಗ್ಯವಲ್ಲ ಎಂಬುದೂ ನಿಜ. ಎರಡನ್ನೂ ಒಟ್ಟಿಗೆ ಹೇಳಿದರೆ ಮಾತ್ರ ಕಥೆ ಪೂರ್ತಿ.

ಅಪಘಾತವಾದರೆ ಕಟ್ಟುವವರು ಯಾರು?

‘ಏನಾದರೂ ಆದರೆ ನನಗೇ ತಾನೆ’ ಎನ್ನುವ ಧೈರ್ಯ ಇಲ್ಲಿ ನಡೆಯುವುದಿಲ್ಲ. ಬಸ್ಸಿಗಾಗಿ ಕಾಯುತ್ತಾ ರಸ್ತೆಯಂಚಿನಲ್ಲಿ ನಿಂತ ಶಾಲೆಯ ಮಕ್ಕಳು ಈ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟವರಲ್ಲ. ನೋಂದಣಿ ಇಲ್ಲದ ಗಾಡಿಗೆ ವಿಮೆ ಸಿಗುವುದಿಲ್ಲ. ನೋಂದಣಿ ಇರುವ ಗಾಡಿಯನ್ನು ತಿಳಿಸದೆ ಮಾರ್ಪಡಿಸಿದ್ದರೆ ವಿಮಾ ಕಂಪನಿ ಮಾಲೀಕನ ಕ್ಲೇಮನ್ನು ನಿರಾಕರಿಸಬಹುದು. ಪಾಲಿಸಿಯ ಷರತ್ತು ಮುರಿದ ಪ್ರಕರಣಗಳಲ್ಲಿ, ಮೊದಲು ಸಂತ್ರಸ್ತರಿಗೆ ಪರಿಹಾರ ಕೊಟ್ಟು ಆಮೇಲೆ ಆ ಹಣವನ್ನು ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ ಎಂದು ನ್ಯಾಯಾಲಯಗಳು ಕಂಪನಿಗೆ ಹೇಳಿದ್ದುಂಟು. ಅಂದರೆ ಕಡಿಮೆ ಖರ್ಚಿನ ಗಾಡಿಯ ನಿಜವಾದ ಬೆಲೆ ಮನೆ, ಜಾಗದ ಮೇಲೆ ಬಂದು ಕೂರಬಹುದು.

ಹಾಗಾದರೆ ಆಸೆ ಇರುವವರು ಏನು ಮಾಡಬಹುದು?

ಸವೆದ ಬುಶ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್‌ಗಳನ್ನು ಅದೇ ಮಾದರಿಯ ಸರಿಯಾದ ಬಿಡಿಭಾಗ ಹಾಕಿ ಬದಲಿಸಲು ಯಾರ ತಡೆಯೂ ಇಲ್ಲ. ಅದಾದ ಮೇಲೆ ಅಲೈನ್‌ಮೆಂಟ್ ಮಾಡಿಸಿ. ಹಳೆಯ ಜೀಪನ್ನು ಅದರ ಮೂಲ ರೂಪಕ್ಕೇ ತರುವುದೂ ದೊಡ್ಡ ಕಸುಬೇ. 50 ವರ್ಷ ದಾಟಿದ, ಮೂಲ ಸ್ವರೂಪ ಉಳಿಸಿಕೊಂಡ ವಾಹನಗಳಿಗೆ 2021ರಿಂದ ಪ್ರತ್ಯೇಕ ವಿಂಟೇಜ್ ನೋಂದಣಿಯೇ ಇದೆ. ಅಂಗವಿಕಲರಿಗಾಗಿ ವಾಹನ ಮಾರ್ಪಡಿಸಲು ಕಾಯ್ದೆಯಲ್ಲೇ ಅವಕಾಶ ಇದೆ. ಆರ್‌ಟಿಒ ಕಚೇರಿಯಲ್ಲಿ ಕೇಳಿ ಮುಂದುವರಿಯಿರಿ.

ಆರ್ಮ್, ನಕಲ್ ಎಲ್ಲವನ್ನೂ ಸ್ವತಃ ವಿನ್ಯಾಸ ಮಾಡಲೇಬೇಕು ಎನ್ನುವ ವಿದ್ಯಾರ್ಥಿಗಳಿಗೆ ಬಾಹಾ ಎಸ್‌ಎಇ ಇಂಡಿಯಾ, ಫಾರ್ಮುಲಾ ಸ್ಟೂಡೆಂಟ್‌ನಂಥ ಸ್ಪರ್ಧೆಗಳಿವೆ. ನಮ್ಮ ಜಿಲ್ಲೆಯಲ್ಲೇ ಮಣಿಪಾಲದ ಎಂಐಟಿ ವಿದ್ಯಾರ್ಥಿಗಳ ‘ಫಾರ್ಮುಲಾ ಮಣಿಪಾಲ್’ ತಂಡ ಇದೆ. ಅಲ್ಲೂ ಹುಡುಗರೇ ಕೊಯ್ದು ಬೆಸೆದು ಕಟ್ಟುತ್ತಾರೆ. ವ್ಯತ್ಯಾಸ ಇಷ್ಟೇ: ಮೊದಲು ಲೆಕ್ಕ, ಆಮೇಲೆ ತೀರ್ಪುಗಾರರ ತಾಂತ್ರಿಕ ತಪಾಸಣೆ, ಅದು ಪಾಸಾದರೆ ಮಾತ್ರ ಟ್ರ್ಯಾಕ್.

ಫಾರ್ವರ್ಡ್ ಮಾಡುವ ಮುನ್ನ ಕೇಳಿಕೊಳ್ಳಿ

* ಈ ವಿಡಿಯೊ ಯಾವ ದೇಶದ್ದು? ಅಲ್ಲಿನ ತಪಾಸಣೆಯ ಭಾಗವನ್ನು ಕತ್ತರಿಸಲಾಗಿದೆಯೇ?
* ಗಾಡಿ ಬರೀ ನೇರ ಓಡುತ್ತಿದೆಯೇ, ಅಥವಾ ಪೂರ್ತಿ ತಿರುವು, ಜೋರು ಬ್ರೇಕ್, ಗುಂಡಿ ಎಲ್ಲವನ್ನೂ ತೋರಿಸಿದ್ದಾರೆಯೇ?
* ಅಲೈನ್‌ಮೆಂಟಿನ ಅಳತೆ ಎಲ್ಲಾದರೂ ಕಾಣುತ್ತದೆಯೇ?
* ನಂಬರ್ ಪ್ಲೇಟ್ ಇದೆಯೇ? ಇದ್ದರೆ ಅದು ಯಾವ ಗಾಡಿಯದು?
* ಒಂದು ವರ್ಷದ ನಂತರ ಆ ಗಾಡಿ ಏನಾಯಿತು ಎಂದು ಯಾರಾದರೂ ಹೇಳಿದ್ದಾರೆಯೇ?

ಈ ಪ್ರಶ್ನೆಗಳಿಗೆ ಉತ್ತರ ಇಲ್ಲದ ವಿಡಿಯೊವನ್ನು ನೋಡಿ ಖುಷಿಪಡಬಹುದು. ‘ನೀನೂ ಮಾಡು’ ಎಂದು ಬರೆದು ಊರಿನ ಹುಡುಗರ ಗುಂಪಿಗೆ ಕಳಿಸುವುದು ಬೇಡ.