ಕೆಂಬೂತದ ಬೆಲೆ

ಹೊರನಾಡ ಕನ್ನಡ ಸಂಘಗಳ ರಾಜ್ಯೋತ್ಸವಕ್ಕೆ ಒಂದು ನಿಶ್ಚಿತವಾದ ಕ್ರಮವಿದೆ. ನಾಡಗೀತೆ, ಸ್ವಾಗತ, ಅತಿಥಿಗಳ ಭಾಷಣ, ಮಕ್ಕಳ ನೃತ್ಯ, ಒಳನಾಡಿನಿಂದ ಬಂದ ತಂಡದ ಸುಗಮ ಸಂಗೀತ, ಕೊನೆಗೆ ಬಿಸಿಬೇಳೆಬಾತಿನ ಊಟ. ಈಚಿನ ವರ್ಷಗಳಲ್ಲಿ ಇದಕ್ಕೆ ಇನ್ನೊಂದು ಬಾಬು ಸೇರಿಕೊಂಡಿದೆ. ಸಭಾಂಗಣದ ಹೊರಗಿನ ಪಡಸಾಲೆಯಲ್ಲಿ ಸದಸ್ಯರು ಬರೆದ ಚಿತ್ರಗಳ ಪ್ರದರ್ಶನ ಮತ್ತು ಮಾರಾಟ. ಊಟದ ಸಾಲಿನಲ್ಲಿ ನಿಂತವರಿಗೆ ಹೊತ್ತು ಹೋಗಲೆಂದು ಏರ್ಪಟ್ಟದ್ದೆಂದೇ ಬಹುಮಂದಿ ಭಾವಿಸಿರುವ ಈ ಪ್ರದರ್ಶನದ ವಿಷಯವಾಗಿ ಕೆಲವು ಮಾತುಗಳನ್ನು ಹೇಳಬೇಕೆಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿತ್ತು. ನಾನು ಕಲಾವಿಮರ್ಶಕನಲ್ಲ. ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು ಕೇಂದ್ರ ಸರ್ಕಾರದ ಕಡತಗಳ ನಡುವೆ ತಲೆಗೂದಲು ಬೆಳ್ಳಗಾಗಿಸಿಕೊಂಡವನು. ಆದುದರಿಂದ ನನ್ನ ಮಾತು ಬಣ್ಣಕ್ಕಿಂತ ಹೆಚ್ಚಾಗಿ ಬೆಲೆಯನ್ನು ಕುರಿತದ್ದಾದರೆ ಓದುಗರು ಮನ್ನಿಸಬೇಕು.

ನಾಗಪುರದಲ್ಲಿ ಕುಂಚ ಹಿಡಿದವರು ಕಾಡುಪ್ರಾಣಿಗಳನ್ನು ಬರೆಯುವುದು ಸಹಜವೇ. ಉತ್ತರಕ್ಕೆ ಪೇಂಚ್, ದಕ್ಷಿಣಕ್ಕೆ ತಾಡೋಬಾ, ಪೂರ್ವಕ್ಕೆ ನವೇಗಾಂವ್-ನಾಗಝಿರಾ, ಪಶ್ಚಿಮಕ್ಕೆ ದೂರದಲ್ಲಿ ಮೇಳಘಾಟ್, ತೀರ ಸಮೀಪದಲ್ಲಿ ಉಮ್ರೇಡ್ ಮತ್ತು ಬೋರ್. ಇಷ್ಟು ಕಾಡುಗಳು ಸುತ್ತುವರಿದ ಊರು ನಮ್ಮ ದೇಶದಲ್ಲಿ ಹೆಚ್ಚಿಲ್ಲ. ನಮ್ಮ ಸಂಘದ ಸದಸ್ಯರೊಬ್ಬರು, ಮೂಲತಃ ಮಲೆನಾಡಿನವರು, ಇಲ್ಲಿಯ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಇದ್ದಾರೆ. ಭಾನುವಾರಗಳಂದು ಅಂಬಾಝರಿ ಕೆರೆಯ ಹಿಂಬದಿಗೋ ಗೋರೆವಾಡಾದ ಅಂಚಿಗೋ ಹೋಗಿ ಕೂತು, ನೋಡಿದ್ದನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು, ವಾರದ ರಾತ್ರಿಗಳಲ್ಲಿ ಜಲವರ್ಣದಲ್ಲಿ ಬರೆಯುತ್ತಾರೆ. ಚಿತ್ರಕಲೆಯನ್ನು ಯಾವ ಶಾಲೆಯಲ್ಲಿಯೂ ಕಲಿತವರಲ್ಲ. ಕಳೆದ ರಾಜ್ಯೋತ್ಸವದಲ್ಲಿ ಅವರ ಹದಿನಾಲ್ಕು ಚಿತ್ರಗಳಿದ್ದುವು; ಮಾರಾಟವಾದದ್ದು ಮೂರು. ಆ ಮೂರೂ ಹುಲಿಯವು.

ಅದಕ್ಕೂ ಮುಂಚೆ ನಡೆದ ಒಂದು ಸಂಗತಿಯನ್ನು ಹೇಳಬೇಕು. ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಅತಿಥಿಗಳಿಗೆ ಕೊಡುವ ಸ್ಮರಣಿಕೆಯ ಪ್ರಸ್ತಾಪ ಬಂದಾಗ ಇವರ ಆರು ಚಿತ್ರಗಳನ್ನು ಕೇಳಿ ಪಡೆಯುವುದೆಂದು ತೀರ್ಮಾನವಾಯಿತು. ‘ಕೇಳಿ ಪಡೆಯುವುದು’ ಎಂದರೆ ಪುಕ್ಕಟೆಯಾಗಿ ಎಂದು ಯಾರೂ ಬಿಡಿಸಿ ಹೇಳಲಿಲ್ಲ. ಹೇಳುವ ಅವಶ್ಯಕತೆಯೂ ಯಾರಿಗೂ ತೋರಲಿಲ್ಲ. ಅದೇ ಸಭೆಯಲ್ಲಿ ಬೆಂಗಳೂರಿನ ವಾದ್ಯಗೋಷ್ಠಿಯ ಸಂಭಾವನೆ, ರೈಲು ಪ್ರಯಾಣ, ವಸತಿ, ಧ್ವನಿವರ್ಧಕದ ಬಾಡಿಗೆ ಇವೆಲ್ಲ ಚರ್ಚೆಯಿಲ್ಲದೆ ಮಂಜೂರಾದುವು. ನಾನು ಆಕ್ಷೇಪವೆತ್ತಿದಾಗ ಹಿರಿಯರೊಬ್ಬರು, “ಅಯ್ಯೋ, ಅವರು ನಮ್ಮವರೇ ಅಲ್ಲವೆ? ಹವ್ಯಾಸಕ್ಕೆ ಬರೆಯುವವರು” ಎಂದರು. ಅವರಿಗೆ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಈ ಲೇಖನ ಹುಟ್ಟಿದ್ದು ಮಾತ್ರ ಆ ಮಾತಿನಿಂದಲೇ.

‘ಹವ್ಯಾಸಿ’ ಎಂಬುದಕ್ಕೆ ಅಗ್ಗವೆಂಬ ಅರ್ಥ ಕನ್ನಡದಲ್ಲಿ ಎಂದಿನಿಂದ ಬಂತು? ಕೈಲಾಸಂ ಅವರ ನಾಟಕಗಳು ಬೆಳೆದದ್ದು ಹವ್ಯಾಸಿ ರಂಗಭೂಮಿಯಲ್ಲಿ. ಆ ಕೈಲಾಸಂ ಕೂಡ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ಕೆಲಸಕ್ಕಿದ್ದವರು. ಹವ್ಯಾಸಿಯೆಂದರೆ ಹೊಟ್ಟೆಪಾಡಿಗೆ ಬೇರೆ ದಾರಿಯುಳ್ಳವನು ಎಂದಷ್ಟೇ ಅರ್ಥ. ಅವನ ಕಾಗದಕ್ಕೂ ಬಣ್ಣಕ್ಕೂ ಅಂಗಡಿಯವನು ರಿಯಾಯಿತಿ ತೋರಿಸುವುದಿಲ್ಲ. ನಮ್ಮ ಮಿತ್ರರು ಒಂದು ಚಿತ್ರಕ್ಕೆ 2,500 ರೂಪಾಯಿ ಬೆಲೆಯಿಟ್ಟಿದ್ದರು. ಹತ್ತಿಯ ಕಾಗದ, ಬಣ್ಣ, ಗಾಜು ಹಾಕಿದ ಚೌಕಟ್ಟು ಇವುಗಳಿಗೇ 1,100 ರೂಪಾಯಿ ತಗುಲುತ್ತದೆಂದು ಅವರ ಲೆಕ್ಕದ ಪುಸ್ತಕದಲ್ಲಿ ನೋಡಿದ್ದೇನೆ. ಉಳಿದದ್ದನ್ನು ಕಾದು ಕುಳಿತ ಬೆಳಗುಗಳಿಗೂ ಬರೆದ ಹತ್ತು ರಾತ್ರಿಗಳಿಗೂ ಹಂಚಿದರೆ ಸಭಾಂಗಣದಲ್ಲಿ ಕುರ್ಚಿ ಜೋಡಿಸುವವನ ದಿನಗೂಲಿಯನ್ನೂ ಅದು ಮುಟ್ಟುವುದಿಲ್ಲ. ಹೀಗಿದ್ದೂ ಆ ಪಡಸಾಲೆಯಲ್ಲಿ ಎಂಟುನೂರಕ್ಕೆ ಕೇಳಿದವರಿದ್ದರು. ಮಾಲ್‌ಗಳಲ್ಲಿ ಮುದ್ರಿತ ಬೆಲೆಯನ್ನು ಮರುಮಾತಿಲ್ಲದೆ ಕೊಡುವ ನಾವು ಪರಿಚಿತರೊಡನೆ ಮಾತ್ರ ಚೌಕಾಸಿಗೆ ಇಳಿಯುತ್ತೇವೆ.

ಮಾರಾಟದ ವಿಷಯದಲ್ಲಿ ನಮ್ಮಂಥ ನೌಕರರಿಗೆ ಒಂದು ಅಳುಕೂ ಇದೆ. ಹೊರನಾಡ ಸಂಘಗಳಲ್ಲಿ ರೈಲ್ವೆ, ಅಂಚೆ, ಲೆಕ್ಕಪತ್ರ, ಗಣಿ, ಸಂಶೋಧನಾಲಯ ಹೀಗೆ ಕೇಂದ್ರದ ನೌಕರಿಯಲ್ಲಿರುವವರೇ ಹೆಚ್ಚು. ಅವರಲ್ಲಿ ಅನೇಕರು ಚಿತ್ರಗಳನ್ನು ತೂಗುಹಾಕುತ್ತಾರೆ, ಬೆಲೆಯ ಚೀಟಿ ಅಂಟಿಸಲು ಹೆದರುತ್ತಾರೆ. 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳಲ್ಲಿ ಖಾಸಗಿ ವ್ಯಾಪಾರವನ್ನು ನಿರ್ಬಂಧಿಸುವ 15ನೆಯ ನಿಯಮವೇ, ಸಾಹಿತ್ಯ, ಕಲೆ, ವಿಜ್ಞಾನಗಳಿಗೆ ಸಂಬಂಧಿಸಿದ ಸಾಂದರ್ಭಿಕ ಕೆಲಸಕ್ಕೆ ಪೂರ್ವಾನುಮತಿ ಬೇಡವೆಂದು ಹೇಳುತ್ತದೆ. ಸರ್ಕಾರಿ ಕರ್ತವ್ಯಕ್ಕೆ ಬಾಧೆಯಾಗಬಾರದು, ಅಷ್ಟೆ. ಇಲ್ಲಿ ‘ಸಾಂದರ್ಭಿಕ’ ಎಂಬ ಪದವನ್ನು ಗಮನಿಸಬೇಕು. ವರ್ಷಕ್ಕೊಮ್ಮೆ ಸಂಘದ ಪಡಸಾಲೆಯಲ್ಲಿ ನಾಲ್ಕು ಚಿತ್ರ ಮಾರುವುದಕ್ಕೂ ತಿಂಗಳಿಗೆ ನಲವತ್ತು ಚಿತ್ರಗಳ ಅಂಗಡಿ ತೆರೆಯುವುದಕ್ಕೂ ವ್ಯತ್ಯಾಸವಿದೆ. ಸಂದೇಹವಿದ್ದವರು ಕಚೇರಿಗೆ ಅರ್ಧ ಪುಟದ ಪತ್ರ ಬರೆದು ತಿಳಿಸಲಿ, ಬಂದ ಹಣವನ್ನು ಆದಾಯ ತೆರಿಗೆಯ ವಿವರದಲ್ಲಿ ತೋರಿಸಲಿ. ರಸೀದಿಯಿಲ್ಲದೆ ಲಕೋಟೆಯಲ್ಲಿ ಹಣ ಕೈಬದಲಾಯಿಸುವುದಕ್ಕಿಂತ ಬೆಲೆಯ ಚೀಟಿ ನೂರು ಪಾಲು ಗೌರವದ್ದು.

ಚಿತ್ರ ಮಾರಿದರೆ ಕಲೆ ಕುಂದುತ್ತದೆಂದು ಹೇಳುವವರಿಗೆ ಎರಡು ಉದಾಹರಣೆ ಕೊಡುತ್ತೇನೆ. ಇಂಗ್ಲೆಂಡಿನ ಡೇವಿಡ್ ಶೆಪರ್ಡ್ ಅವರನ್ನು ಲಂಡನ್ನಿನ ಸ್ಲೇಡ್ ಕಲಾಶಾಲೆ ಪ್ರತಿಭೆಯಿಲ್ಲವೆಂದು ಹಿಂದಕ್ಕೆ ಕಳಿಸಿತ್ತು. 1973ರಲ್ಲಿ ಅವರು ‘ಟೈಗರ್ ಫೈರ್’ ಎಂಬ ತಮ್ಮ ಚಿತ್ರದ ಮುದ್ರಿತ ಪ್ರತಿಗಳನ್ನು ಮಾರಿ, ಬಂದ ಒಂದೂಕಾಲು ಲಕ್ಷ ಪೌಂಡಿಗೂ ಮಿಕ್ಕ ಹಣವನ್ನು ಭಾರತದ ಹುಲಿ ಯೋಜನೆಗೆ ಒದಗಿಸಿದರು. ಆ ಯೋಜನೆ ಅದೇ ವರ್ಷ ಒಂಬತ್ತು ಕಾಡುಗಳಲ್ಲಿ ಆರಂಭವಾಯಿತು. ಒಂದು ನಮ್ಮ ಬಂಡೀಪುರ, ಇನ್ನೊಂದು ನಮ್ಮ ವಿದರ್ಭದ ಮೇಳಘಾಟ್. (ಶೆಪರ್ಡ್ ಅವರಿಗೆ ಉಗಿಬಂಡಿಗಳ ಚಿತ್ರ ಬರೆಯುವ ಹುಚ್ಚೂ ಇತ್ತು, ರೈಲ್ವೆಯ ಮಿತ್ರರು ಇದನ್ನು ಕೇಳಿ ಸಂತೋಷಪಡಬಹುದು.) ಬಂಡೀಪುರದ ಅಂಚಿನ ಮಂಗಲ ಗ್ರಾಮದಲ್ಲಿ ನೆಲೆಸಿದ ಚಿತ್ರಕಾರ್ತಿ ಸುನೀತಾ ಧೈರ್ಯಮ್ ಅವರು ಸ್ಥಾಪಿಸಿದ ಮಾರಿಯಮ್ಮ ದತ್ತಿ ಸಂಸ್ಥೆಯು, ಹುಲಿ-ಚಿರತೆಗಳಿಗೆ ದನ ಕಳೆದುಕೊಂಡ ರೈತರಿಗೆ ತುರ್ತು ಪರಿಹಾರ ಕೊಡುತ್ತ ಬಂದಿದೆ. ದನ ಸತ್ತ ಮನೆಯಲ್ಲಿ ಸಿಟ್ಟಿನ ಭರದಲ್ಲಿ ಕಳೇಬರಕ್ಕೆ ವಿಷ ಬೆರೆಯದಿರಬೇಕಾದರೆ ಹಣ ಬೇಗ ಕೈಸೇರಬೇಕು ಎಂಬುದು ಅದರ ಹಿಂದಿನ ವಿವೇಕ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯಂತೂ ನಮಗೆಲ್ಲ ಗೊತ್ತಿರುವುದೇ. ಅಲ್ಲಿ ಬರೆದವನೇ ಬೀದಿಯಲ್ಲಿ ಕುಳಿತು ಮಾರುತ್ತಾನೆ. ಅವನನ್ನು ಯಾರೂ ವ್ಯಾಪಾರಿಯೆಂದು ಹಳಿಯುವುದಿಲ್ಲ.

ಕೊಳ್ಳುವವರನ್ನು ಕುರಿತು ಇಷ್ಟು ಹೇಳಿದ ಮೇಲೆ ಬರೆಯುವವರಿಗೂ ಒಂದು ಮಾತು ಹೇಳದಿದ್ದರೆ ನ್ಯಾಯವಾಗದು. ನಾಗಪುರದ ಯಾವ ಸಮಾಜದ ಪ್ರದರ್ಶನಕ್ಕೆ ಹೋದರೂ ಗೋಡೆಯಿಂದ ಹುಲಿಯ ಮುಖವೊಂದು ನಮ್ಮನ್ನೇ ದಿಟ್ಟಿಸುತ್ತದೆ. ಉಮ್ರೇಡಿನ ‘ಜಯ್’ 2016ರಲ್ಲಿ ಕಣ್ಮರೆಯಾದ, ತಾಡೋಬಾದ ‘ಮಾಯಾ’ 2023ರಲ್ಲಿ ಕಾಣೆಯಾದಳು. ಚಲನಚಿತ್ರ ತಾರೆಯರಂತೆ ಇಬ್ಬರೂ ಕ್ಯಾನ್ವಾಸಿನ ಮೇಲೆ ಉಳಿದಿದ್ದಾರೆ. ಇವುಗಳಲ್ಲಿ ಬಹುಪಾಲು ಬೇರೆ ಯಾರೋ ತೆಗೆದ ಛಾಯಾಚಿತ್ರದಿಂದ ನಕಲಾದವು. ಅನುಮತಿಯಿಲ್ಲದೆ ಹಾಗೆ ನಕಲಿಸಿ ಮಾರುವುದು 1957ರ ಕೃತಿಸ್ವಾಮ್ಯ ಕಾಯಿದೆಗೆ ವಿರುದ್ಧ ಎಂಬುದು ಒಂದು ವಿಷಯ. ಅದಕ್ಕಿಂತ ನನ್ನನ್ನು ಕಾಡುವುದೆಂದರೆ ಆ ಚಿತ್ರದಲ್ಲಿ ಬರೆದವನು ನಿಂತ ಜಾಗವಿಲ್ಲದಿರುವುದು. ನಮ್ಮ ಮಿತ್ರರ ಮೂರು ಹುಲಿಗಳಿಗೂ ಈ ಮಾತು ಅನ್ವಯಿಸುತ್ತದೆ. ಅವರೇ ಅದನ್ನು ಒಪ್ಪುತ್ತಾರೆ. “ಮಾರಾಟವಾಗುವುದು ಇವೇ ಸಾರ್” ಎಂದು ನಕ್ಕರು. ಅವರ ನಿಜವಾದ ಚಿತ್ರಗಳು ಮಾರಾಟವಾಗದೆ ಮನೆಗೆ ಹಿಂತಿರುಗಿದ ಹನ್ನೊಂದು. ಹಿಪ್ಪೆಯ ಮರದ ಕೆಳಗೆ ಉದುರಿದ ಹೂ ಮೇಯುತ್ತಿರುವ ಕರಡಿ, ಗೋಂದಿಯಾದ ಗದ್ದೆಯಲ್ಲಿ ನಿಂತ ಸಾರಸ ಜೋಡಿ, ವಿದ್ಯುತ್ ತಂತಿಯ ಮೇಲಿನ ನೀಲಕಂಠ, ಬಿದಿರಿನ ಬುಡದಲ್ಲಿ ಇಣುಕುವ ಕೆಂಬೂತ. ಮಹಾರಾಷ್ಟ್ರದಲ್ಲಿ ಸಾರಸ ಕೊಕ್ಕರೆಗಳು ಉಳಿದಿರುವುದೇ ಈ ಪೂರ್ವ ವಿದರ್ಭದ ಗದ್ದೆ-ಕೆರೆಗಳ ಸೀಮೆಯಲ್ಲಿ, ಅದೂ ಬೆರಳೆಣಿಕೆಯಷ್ಟು. ಆ ಜೋಡಿಯ ಚಿತ್ರವನ್ನು ಕೊಳ್ಳುವವರಿಲ್ಲದೆ ಹಳೆಯ ಚಾದರದಲ್ಲಿ ಸುತ್ತಿ ಒಯ್ದರು.

ಅಂದು ಮತ್ತೊಂದು ಟೀಕೆಯೂ ಕೇಳಿಬಂತು. ಕನ್ನಡ ಸಂಘದ ಗೋಡೆಯ ಮೇಲೆ ವಿದರ್ಭದ ಪ್ರಾಣಿಗಳಿಗೇನು ಕೆಲಸ, ಹಂಪೆಯ ಕಲ್ಲಿನ ರಥ, ಜೋಗದ ಜಲಪಾತ, ಮೈಸೂರು ದಸರೆಯ ಆನೆ ಇವುಗಳನ್ನು ಬರೆಯಬಾರದೆ, ಎಂದು. ರಥ ಮತ್ತು ಜೋಗ ನಮ್ಮ ಸಭಾಂಗಣದಲ್ಲಿ ನಾನು ಬಂದಾಗಿನಿಂದಲೂ ತೂಗುತ್ತಿವೆ. ಅವುಗಳ ಕೆಳಗೆ ಬೆಳೆದ ನಮ್ಮ ಮಕ್ಕಳು ಕನ್ನಡವೆಂದರೆ ಬೇಸಿಗೆ ರಜೆಯ ಭಾಷೆ, ಅಜ್ಜಿಯ ಊರಿನ ಭಾಷೆ ಎಂದು ತಿಳಿದಿದ್ದಾರೆ. ಕಿಟಕಿಯಾಚೆ ಕಾಣುವ ಯಾವುದಕ್ಕೂ ಅವರ ಬಳಿ ಕನ್ನಡದ ಹೆಸರಿಲ್ಲ. ಕರ್ನಾಟಕದ ರಾಜ್ಯಪಕ್ಷಿ ನೀಲಕಂಠವೆಂದು ರಸಪ್ರಶ್ನೆಯಲ್ಲಿ ಥಟ್ಟನೆ ಉತ್ತರಿಸುವ ಹುಡುಗನಿಗೆ, ವರ್ಧಾ ರಸ್ತೆಯಲ್ಲಿ ತಂತಿಯ ಮೇಲೆ ಕುಳಿತದ್ದು ಅದೇ ಹಕ್ಕಿಯೆಂದು ಗೊತ್ತಿಲ್ಲ. ಹೊರನಾಡಿನಲ್ಲಿ ಭಾಷೆ ಸೊರಗುವುದು ಹೀಗೆ.

ಮಿತ್ರರು ಪ್ರತಿ ಚಿತ್ರದ ಕೆಳಗೆ ಕನ್ನಡ ಮತ್ತು ಮರಾಠಿ ಹೆಸರುಗಳೆರಡನ್ನೂ ಬರೆದಿದ್ದರು. ಅದರಿಂದ ನನಗೆ ತಿಳಿದದ್ದನ್ನು ಹೇಳದಿರಲಾರೆ. ಕೆಂಬೂತವೆಂದರೆ ನಮಗೆ ನವಿಲನ್ನು ಕಂಡು ಪುಕ್ಕ ಕೆದರಿಕೊಂಡ ಮಂಕು ಹಕ್ಕಿ, ಗಾದೆಯಲ್ಲಿ ನಗೆಪಾಟಲಾದದ್ದು. ಅದೇ ಹಕ್ಕಿ ಮರಾಠಿಯಲ್ಲಿ ‘ಭಾರದ್ವಾಜ’. ಋಷಿಯ ಹೆಸರು ಹೊತ್ತ ಅದು ಬೆಳಿಗ್ಗೆ ಕಣ್ಣಿಗೆ ಬಿದ್ದರೆ ಶುಭವೆಂದು ನಮ್ಮ ನೆರೆಯವರು ನಿಂತು ಕೈಮುಗಿಯುತ್ತಾರೆ. ಕುವೆಂಪು ಅವರ ಬರಹಗಳ ಮೂಲಕ ನಮಗೆ ಆಪ್ತವಾದ ಕಾಜಾಣ ಇಲ್ಲಿ ‘ಕೋತವಾಲ’. ಕಾಗೆ-ಗಿಡುಗಗಳನ್ನು ಅಟ್ಟಿಸಿಕೊಂಡು ಹೋಗುವ ಅದರ ಗುಣಕ್ಕೆ ಮರಾಠಿ ಜಾಣ್ಮೆ ಪೊಲೀಸ್ ಅಧಿಕಾರಿಯ ಪದವಿಯನ್ನೇ ಕೊಟ್ಟಿದೆ. ನಾವು ಅದರ ದನಿಯನ್ನು ಕೇಳಿದೆವು, ಅವರು ಅದರ ಧೈರ್ಯವನ್ನು ನೋಡಿದರು. ಗಡಿಯ ಪ್ರಶ್ನೆ ಬಂದಾಗಲೆಲ್ಲ ಕರ್ನಾಟಕದ ಬಸ್ಸಿಗೆ ಇಲ್ಲಿ ಮಸಿ, ಮಹಾರಾಷ್ಟ್ರದ ಬಸ್ಸಿಗೆ ಅಲ್ಲಿ ಮಸಿ ಎಂಬ ಸುದ್ದಿ ಓದಿ ತಲೆತಗ್ಗಿಸುವ ನಮ್ಮಂಥವರಿಗೆ ಆ ಎರಡು ಸಾಲಿನ ಚೀಟಿ ದೊಡ್ಡ ಭಾಷಣಕ್ಕಿಂತ ಹೆಚ್ಚಿನ ಕೆಲಸ ಮಾಡಿತು. ಸಮಾರಂಭಕ್ಕೆ ಬಂದಿದ್ದ ಮರಾಠಿ ನೆರೆಯವರೊಬ್ಬರು ‘ಕೆಂಬೂತ’ ಎಂಬುದನ್ನು ಮೂರು ಸಲ ಉಚ್ಚರಿಸಿ ನೋಡಿ, ಗಾದೆಯನ್ನು ಕೇಳಿ, ತಮ್ಮ ಋಷಿಗೆ ಬಂದ ಗತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕುಂಚದ ವಿಷಯ ಚಿಕ್ಕದು, ಆದರೂ ಹೇಳಿಬಿಡುತ್ತೇನೆ. ನವುರಾದ ರೇಖೆಗೆ ಒದಗುತ್ತದೆಂದು ಹೆಸರಾದ ಕುಂಚಗಳು ಮುಂಗುಸಿಯ ಕೂದಲಿನಿಂದ ಆದವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅವುಗಳ ಮಾರಾಟ ಅಪರಾಧ. 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ದಳ ದೇಶದ ಹಲವೆಡೆ ದಾಳಿ ನಡೆಸಿ ಸಾವಿರಾರು ಕುಂಚಗಳನ್ನು ವಶಪಡಿಸಿಕೊಂಡಿತು. ಮುಂಗುಸಿಯನ್ನು ಕೊಂದ ಕೂದಲಿನಿಂದ ವನ್ಯಜೀವಿಯ ಚಿತ್ರ ಬರೆಯುವುದು ಎಂಥ ವಿಪರ್ಯಾಸ! ನೈಲಾನ್ ಕುಂಚಗಳು ಈಗ ಎಲ್ಲೆಡೆ ದೊರೆಯುತ್ತವೆ. ಕೊಳ್ಳುವಾಗ ಕೇಳಿ ಕೊಳ್ಳಬೇಕು.

ಇನ್ನು ಸಂಘ ಮಾಡಬಹುದಾದದ್ದು. ದಕ್ಷಿಣ ಮಧ್ಯ ವಲಯ ಸಾಂಸ್ಕೃತಿಕ ಕೇಂದ್ರದ ಮುಖ್ಯ ಕಚೇರಿ ಇರುವುದು ಇದೇ ನಾಗಪುರದಲ್ಲಿ. ಕರ್ನಾಟಕ ಅದರ ಸದಸ್ಯ ರಾಜ್ಯಗಳಲ್ಲಿ ಒಂದು. ಅಂದರೆ ಅದರ ಅಂಗಳದಲ್ಲಿ ನಡೆಯುವ ಕರಕುಶಲ ಮೇಳದಲ್ಲಿ ನಾವು ಅತಿಥಿಗಳಾಗಿ ಸುತ್ತಾಡಿ ಬರುವುದರ ಜೊತೆಗೆ, ಇಲ್ಲಿಯ ಕನ್ನಡಿಗ ಚಿತ್ರಕಾರರಿಗೂ ಒಂದು ಮಳಿಗೆ ಕೊಡಿರೆಂದು ಅರ್ಜಿ ಹಾಕಬಹುದು. ನನಗೆ ತಿಳಿದಂತೆ ನಮ್ಮ ಸಂಘದಿಂದ ಅಂಥ ಅರ್ಜಿ ಹೋಗಿಲ್ಲ. ಕರಡನ್ನು ನಾನೇ ಬರೆದು ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ. ಕಡತ ಬರೆಯುವುದಾದರೂ ನನಗೆ ಬರುತ್ತದೆ.

ಬರುವ ರಾಜ್ಯೋತ್ಸವಕ್ಕೆ ಸಮಿತಿಯಲ್ಲಿ ಸ್ವಲ್ಪ ಜಗ್ಗಾಟದ ನಂತರ ಇಷ್ಟು ಒಪ್ಪಿಗೆಯಾಗಿದೆ. ಸ್ಮರಣಿಕೆಗೆ ಬೇಕಾದ ಚಿತ್ರಗಳನ್ನು ಸಂಘ ಬೆಲೆ ಕೊಟ್ಟು ಕೊಳ್ಳುತ್ತದೆ. ಪ್ರದರ್ಶನ ಊಟದ ಸಾಲಿನ ಪಕ್ಕದಿಂದ ಪ್ರವೇಶದ್ವಾರಕ್ಕೆ ಬರುತ್ತದೆ. ಮಾರಿದ್ದಕ್ಕೆ ರಸೀದಿಯಿರುತ್ತದೆ, ನೂರಕ್ಕೆ ಹತ್ತು ಸಂಘದ ಪುಸ್ತಕ ನಿಧಿಗೆ ಹೋಗುತ್ತದೆ. ಕಂಡ ಸ್ಥಳ, ಕಂಡ ದಿನ, ಕನ್ನಡ-ಮರಾಠಿ ಹೆಸರುಗಳು ಇಷ್ಟೂ ಚೀಟಿಯಲ್ಲಿರಬೇಕು. ಸ್ಥಳ ಮತ್ತು ದಿನ ಬರೆಯಲಾಗದ ಹುಲಿಗಳಿಗೆ ಈ ಸಲ ಗೋಡೆಯಿಲ್ಲ. ಬೆಲೆಯಲ್ಲಿ ಚೌಕಾಸಿಯಿಲ್ಲ. ಮಾಡಲೇಬೇಕೆನಿಸಿದವರಿಗಾಗಿ ಅದೇ ಮೇಜಿನ ತುದಿಯಲ್ಲಿ ಕೆಂಬೂತದ ಮುದ್ರಿತ ಕಾರ್ಡುಗಳನ್ನಿಡಲು ಮಿತ್ರರು ಒಪ್ಪಿದ್ದಾರೆ; ಒಂದಕ್ಕೆ 20 ರೂಪಾಯಿ, ಹತ್ತು ಕೊಂಡರೆ 15ರಂತೆ.