ನೀಲಿ ಬಣ್ಣ, ಜೋಡಿ ಗುಳಿಗೆ

ಮಕ್ಕಳೇ, ಹೋದ ಮಳೆಗಾಲದಲ್ಲಿ ನಮ್ಮ ಅಣ್ಣಿಗೇರಿಯ ಮನೆಯಲ್ಲಿ ಮೊಮ್ಮಗನಿಗೆ ದಿನ ಬಿಟ್ಟು ದಿನ ಚಳಿಜ್ವರ ಬರತೊಡಗಿತು. ಎರಡು ಕೌದಿ ಹೊದಿಸಿದರೂ ಗಡಗಡ ನಡುಗುತ್ತಿದ್ದ. ದವಾಖಾನೆಯಲ್ಲಿ ಬೆರಳು ಚುಚ್ಚಿ, ರಕ್ತದ ಹನಿಯನ್ನು ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ವೈವಾಕ್ಸ್ ಮಲೇರಿಯಾ! 3 ದಿನ ಕ್ಲೋರೊಕ್ವಿನ್, 14 ದಿನ ಪ್ರಿಮಾಕ್ವಿನ್ ಗುಳಿಗೆ ಕೊಟ್ಟರು.

ಮೂರನೆಯ ದಿನ ಜ್ವರ ಬಿಟ್ಟಿತು. “ಅಜ್ಜಾ, ನಾ ಈಗ ಆರಾಮ ಅದೀನಿ. ಗುಳಿಗಿ ಒಲ್ಲೆ” ಎಂದ. ಬೈದರೆ ಕೇಳುವ ಹುಡುಗನಲ್ಲ. ಅದಕ್ಕೇ ರಕ್ತಕ್ಕೆ ಹಾಕಿದ ಆ ಬಣ್ಣದ ಕಥೆ ಹೇಳಿದೆ.

ಅದರಲ್ಲಿ ಮಿಥಿಲೀನ್ ಬ್ಲೂ ಎಂಬ ನೀಲಿ ಇರುತ್ತದೆ. 1876ರಲ್ಲಿ ಜರ್ಮನಿಯ ಹೈನ್ರಿಕ್ ಕಾರೊ ಅದನ್ನು ತಯಾರಿಸಿದ್ದು ಬಟ್ಟೆಗೆ ಬಣ್ಣ ಹಾಕಲು. ಆ ನೀಲಿ ಮಲೇರಿಯಾದ ಪರಾವಲಂಬಿ ಜೀವಿಗೆ ಚೆನ್ನಾಗಿ ಹತ್ತುವುದನ್ನು ಪಾಲ್ ಎರ್ಲಿಕ್ ಕಂಡರು. ‘ಹತ್ತುವ ಬಣ್ಣ ಅದನ್ನು ಕೊಲ್ಲಲೂಬಹುದಲ್ಲ?’ ಎಂದು ಯೋಚಿಸಿದರು. 1891ರಲ್ಲಿ ಬರ್ಲಿನ್‌ನಲ್ಲಿ ಅವರೂ ಪಾಲ್ ಗುಟ್‌ಮನ್ನರೂ ಇಬ್ಬರು ರೋಗಿಗಳಿಗೆ ಅದನ್ನು ಕೊಟ್ಟರು. ಇಬ್ಬರೂ ಗುಣವಾದರು!

“ಹಂಗಾರ ಒಂದಕ್ಕ ಹೋದ್ರ ನೀಲಿ ಬರ್ತೈತೇನು?”

“ಹೌದಪ್ಪ, ಹಸಿರು ನೀಲಿ!”

ಹುಡುಗ ಬಿದ್ದು ಬಿದ್ದು ನಕ್ಕ.

ಮುಂದೆ ಬೇರೆ ಔಷಧಗಳು ಬಂದವು, ನೀಲಿ ಮೂಲೆ ಸೇರಿತು. ಆದರೆ ಪರಾವಲಂಬಿಗಳು ಒಂದೊಂದೇ ಔಷಧಕ್ಕೆ ಜಗ್ಗದಂತಾದವು. ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಗಲಿ ಎಂದು ವೈದ್ಯರು ಜೋಡಿ ಔಷಧ ಕೊಡತೊಡಗಿದರು. ಆಗ ಹಳೆಯ ನೀಲಿ ಮತ್ತೆ ನೆನಪಾಯಿತು. ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ ಪರೀಕ್ಷಿಸಿದಾಗ, ಅದು ಒಂಟಿಯಾಗಿ ನಿಧಾನ, ಜೊತೆಗಾರ ಔಷಧವಿದ್ದರೆ ಚುರುಕು ಎಂದು ತಿಳಿಯಿತು. ಮಾಲಿ ದೇಶದ ಪರೀಕ್ಷೆಯೊಂದು 2018ರಲ್ಲಿ ಪ್ರಕಟವಾಯಿತು. ಅಲ್ಲಿ ಜೋಡಿ ಗುಳಿಗೆಯ ಜೊತೆ 3 ದಿನ ನೀಲಿಯನ್ನೂ ಕೊಟ್ಟಿದ್ದರು. ಎರಡೇ ದಿನದಲ್ಲಿ ಆ ರೋಗಿಗಳ ರಕ್ತ ಹೀರಿದ ಸೊಳ್ಳೆಗಳಿಗೆ ಸೋಂಕು ತಗಲುವುದು ನಿಂತಿತ್ತು. ಅಂದರೆ ಪಕ್ಕದ ಮನೆಯವರೂ ಬಚಾವ್!

ಆದರೆ ನೀಲಿ ಸೀಸೆ ಕಂಡರೆ ಬಾಯಿಗೆ ಹಾಕೀರಿ, ಜೋಕೆ! ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಇದರಿಂದ ಕೆಂಪು ರಕ್ತಕಣಗಳು ಒಡೆಯುವ ಅಪಾಯವಿದೆ. ನಮ್ಮ ದವಾಖಾನೆಗಳಲ್ಲಿ ಮಲೇರಿಯಾಕ್ಕೆ ಇದನ್ನು ಕೊಡುವುದಿಲ್ಲ.

“ನಿನ್ನ ಗುಳಿಗಿನೂ ಜೋಡೆತ್ತು ಇದ್ದಂಗ,” ಎಂದೆ. “ಕ್ಲೋರೊಕ್ವಿನ್ ರಕ್ತದಾಗಿನ ಪರಾವಲಂಬಿನ್ನ ಕೊಲ್ಲತೈತಿ. ಪ್ರಿಮಾಕ್ವಿನ್ ಯಕೃತ್ತಿನಾಗ ಅಡಗಿ ಮಲಗಿದ್ದನ್ನ ಕೊಲ್ಲತೈತಿ. ಅದು ಉಳಿದ್ರ ಜ್ವರ ಮತ್ತ ಬರಬಹುದು. ಕುಂಟಿ ಹೊಡಿಯೂವಾಗ ನಡುವ ಒಂದೆತ್ತು ಬಿಚ್ಚತಾರೇನು?”

ಹುಡುಗ ಮಾತಾಡದೆ ನೀರಿನ ತಂಬಿಗೆ ತಂದ. ಅಂದಿನಿಂದ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಎಳೆಯುತ್ತ 14 ದಿನವೂ ಗುಳಿಗೆ ನುಂಗಿದ.

ಕೊನೆಯ ದಿನ ಮಾತ್ರ ಮುಖ ಸಣ್ಣದು ಮಾಡಿಕೊಂಡು ಬಂದ.

“ಅಜ್ಜಾ, ದಿನಾ ನೋಡಿದೆ. ನಂದು ಒಂದ್ ದಿನಾನೂ ನೀಲಿ ಬರಲೇ ಇಲ್ಲಲ್ಲ!”