ಹೈಸ್ಕೂಲಿಗೆ ಜೀವಿಗಳ ವರ್ಗೀಕರಣ ಬೇಕೇ?

ಕೋವಿಡ್ ನಂತರ ಮಕ್ಕಳ ಹೊರೆ ಇಳಿಸುವ ನೆಪದಲ್ಲಿ ಎನ್‌ಸಿಇಆರ್‌ಟಿ ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವಿಗಳ ವೈವಿಧ್ಯದ ಅಧ್ಯಾಯವನ್ನು ಇಡಿಯಾಗಿ ಕೈಬಿಟ್ಟಿತು. ಹತ್ತನೇ ತರಗತಿಯ ಉಸಿರಾಟದ ಪಾಠ ಉಳಿಯಿತು. ದೇಹದ ಪಾಠ ಇದ್ದರೆ ಸಾಕೇ, ವರ್ಗೀಕರಣವೂ ಬೇಕೇ?

ಪರ

ಊಟದ ನಡುವೆ ಮಾತಾಡಿದ ಮೊಮ್ಮಗನಿಗೆ ನೆತ್ತಿ ಹತ್ತುತ್ತದೆ. ಅಜ್ಜಿ ತಲೆ ತಟ್ಟಿ, 'ಯಾರೋ ನೆನೆಸ್ಕೊಂಡ್ರು ಕಣೋ' ಅನ್ನುತ್ತಾಳೆ. 'ಅಗುಳು ಶ್ವಾಸನಾಳಕ್ಕೆ ಹೋಯ್ತು ಅಜ್ಜೀ' ಅನ್ನುತ್ತಾನೆ ಹತ್ತನೇ ತರಗತಿಯವನು. ಸರಿಯೇ. ಆದರೆ ಗಾಳಿಯ ದಾರಿಯೂ ಅನ್ನದ ದಾರಿಯೂ ಗಂಟಲಲ್ಲಿ ಒಂದನ್ನೊಂದು ಅಡ್ಡಹಾಯುವುದೇಕೆ? ಇಂಥ ಅಪಾಯದ ಕೂಡುರಸ್ತೆಯನ್ನು ಯಾವ ಇಂಜಿನಿಯರೂ ಹಾಕುವುದಿಲ್ಲ.

ಉತ್ತರ ಸಿಗುವುದು ವರ್ಗೀಕರಣದಲ್ಲಿ. ನಾವು ಕಶೇರುಕಗಳು. ನಮ್ಮ ಸಾಲಿನಲ್ಲಿ ಶ್ವಾಸಕೋಶ ಮೊದಲು ಬಂದದ್ದು ಮೀನುಗಳಿಗೆ, ಅನ್ನದ ಕೊಳವೆಯ ಕೆಳಮಗ್ಗುಲಲ್ಲಿ ಉಬ್ಬಿದ ಚೀಲವಾಗಿ. ಇಂದಿಗೂ ಬಸಿರಲ್ಲಿರುವ ಮಗುವಿನ ಶ್ವಾಸಕೋಶ ಆ ಕೊಳವೆಯ ಮುಂಗೋಡೆಯಿಂದಲೇ ಮೊಗ್ಗೊಡೆಯುತ್ತದೆ. ಮೂಗು ಬಾಯಿಗಿಂತ ಮೇಲೆ, ಶ್ವಾಸನಾಳ ಅನ್ನನಾಳಕ್ಕಿಂತ ಮುಂದೆ. ಇನ್ನು ಅಡ್ಡಹಾಯದೆ ಗತಿಯೇನು? ಕಪ್ಪೆಯಲ್ಲೂ ಹಸುವಿನಲ್ಲೂ ಇದೇ ಏರ್ಪಾಡು. ಜಿರಳೆಗೆ ಮಾತ್ರ ಈ ತಾಪತ್ರಯವಿಲ್ಲ. ಅದು ಸಂಧಿಪದಿ, ಮೈಯ ಅಕ್ಕಪಕ್ಕದ ಹತ್ತು ಜೊತೆ ರಂಧ್ರಗಳಿಂದ ಉಸಿರಾಡುತ್ತದೆ. ಬಾಯಿ ತಿನ್ನಲಿಕ್ಕಷ್ಟೆ.

ಜೀವಿಗಳನ್ನು ವರ್ಗೀಕರಿಸಿದ ಲಿನೇಯಸ್ 1735ರ ತನ್ನ ಪುಸ್ತಕದಲ್ಲಿ ತಿಮಿಂಗಿಲವನ್ನು ಮೀನುಗಳ ಜೊತೆ ಕೂರಿಸಿದ್ದ. ಅದರ 1758ರ ಹತ್ತನೇ ಆವೃತ್ತಿಯಲ್ಲಿ ತಾನೇ ಅದನ್ನು ಸಸ್ತನಿಗಳ ಪಂಕ್ತಿಗೆ ತಂದ; ಶ್ವಾಸಕೋಶವೂ ಅದಕ್ಕೊಂದು ಕಾರಣ. ಕಾರವಾರದ ಕಡಲಲ್ಲಿ ಡಾಲ್ಫಿನ್ ಬೆನ್ನು ತೋರಿಸಿ ಮುಳುಗುವುದು ದೋಣಿಯಲ್ಲಿ ಕೂತ ಪ್ರವಾಸಿಗರ ಖುಷಿಗಲ್ಲ, ಉಸಿರಿಗೆ.

ವಿರೋಧ

ಕಥೆ ಚೆನ್ನಾಗಿದೆ. ಆದರೆ ತರಗತಿಯಲ್ಲಿ ಇದನ್ನು ಹೇಳಿದವರು ಯಾರು? ಅಲ್ಲಿ ಪ್ಲಾಟಿಹೆಲ್ಮಿಂಥಿಸ್, ನೆಮಟೋಡ, ಅನ್ನೆಲಿಡ ಎಂದು ಬೋರ್ಡಿನ ಮೇಲೆ ಬರೆದು, ನಾಳೆ ಉರು ಹೊಡೆದುಕೊಂಡು ಬನ್ನಿ ಎನ್ನುತ್ತಾರೆ. ಎರೆಹುಳುವನ್ನು ಒಮ್ಮೆಯೂ ಅಂಗೈಯಲ್ಲಿ ಇಟ್ಟುಕೊಳ್ಳದ ಮಗು 'ವಲಯವಂತ' ಎಂದು ಬರೆದು ಅಂಕ ಗಿಟ್ಟಿಸುತ್ತದೆ.

ಪಾಠವೂ ಹಳಸಿದ್ದು. ಐದು ಸಾಮ್ರಾಜ್ಯಗಳ ಲೆಕ್ಕ ವಿಟೇಕರ್ 1969ರಲ್ಲಿ ಹಾಕಿದ್ದು. 1977ರಲ್ಲೇ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್, ಬ್ಯಾಕ್ಟೀರಿಯಾ ಎಂದುಕೊಂಡಿದ್ದ ಒಂದು ಗುಂಪು ಬೇರೆಯೇ ಕವಲು ಎಂದು ತೋರಿಸಿದರು. ಆ ಐದರಲ್ಲಿ ಬ್ಯಾಕ್ಟೀರಿಯಾಗಳ ಸಾಮ್ರಾಜ್ಯವಾದ 'ಮೊನೆರಾ' ಆಗಲೇ ಒಡೆದು ಹೋಳಾಯಿತು. ಅರ್ಧ ಶತಮಾನ ಹಿಂದಿನ ನಕ್ಷೆಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಸುಮ್ಮನಿರುವುದೇ ಮೇಲು.

ಅದೇ ಹೊತ್ತಿನಲ್ಲಿ ಒಂದು ನೀರಿನ ಬಾಟಲಿಯ ತಳ ಕತ್ತರಿಸಿ. ಮುಚ್ಚಳದಲ್ಲಿ ವೈ ಆಕಾರದ ನಳಿಕೆ ತೂರಿಸಿ ಒಳತುದಿಗಳಿಗೆ ಎರಡು ಬಲೂನು ಕಟ್ಟಿ, ತಳಕ್ಕೆ ರಬ್ಬರು ಹಾಳೆ ಬಿಗಿಯಿರಿ. ಹಾಳೆ ಕೆಳಗೆ ಎಳೆದರೆ ಬಲೂನು ಯಾರೂ ಊದದೆಯೇ ಉಬ್ಬುತ್ತದೆ. ವಪೆ ಎಂದರೇನೆಂದು ಅಲ್ಲಿಗೆ ತಿಳಿಯಿತು. ಶ್ವಾಸಕೋಶದ ಗಾಳಿಗೂಡುಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 80 ಚದರ ಮೀಟರು, ಟ್ವೆಂಟಿ-ಥರ್ಟಿ ಸೈಟಿಗಿಂತ ದೊಡ್ಡದು. ಬೀಡಿಯ ಹೊಗೆ, ರಸ್ತೆಯ ಧೂಳು ಹೋಗಿ ಕೂರುವುದು ಅಲ್ಲಿ. ಮಗುವಿಗೆ ಬೇಕಾದ ವಿಷಯ ಇದು.

ಈ ಅಂಕಣಕಾರನ ಮತ

ಪರಕ್ಕೇ. ವಿರೋಧಿಯ ದೂರೆಲ್ಲ ಪ್ರಶ್ನೆಪತ್ರಿಕೆಯ ಮೇಲೆ. ಅದರ ಶಿಕ್ಷೆ ಪಾಠಕ್ಕೇಕೆ? ಬಾಟಲಿ ಉಸಿರು ಹೇಗೆ ಒಳಬರುತ್ತದೆಂದು ತೋರಿಸೀತು, ಮೊಮ್ಮಗನಿಗೆ ನೆತ್ತಿ ಹತ್ತುವುದೇಕೆಂದು ತೋರಿಸದು. ಹೆಸರುಗಳ ಪಟ್ಟಿ ಮಾತ್ರ ಪರೀಕ್ಷೆಯಿಂದ ಹೋಗಲೇಬೇಕು, ಅದರಲ್ಲಿ ನನ್ನದೇನೂ ತಕರಾರಿಲ್ಲ.

ಮೇಷ್ಟ್ರಲ್ಲಿ ಒಂದು ಕೋರಿಕೆ. ಪಾಠ ಶುರುಮಾಡುವ ದಿನ ಮಾರುಕಟ್ಟೆಯಿಂದ ಒಂದು ಏಡಿ, ಒಂದು ಬಂಗುಡೆ ತನ್ನಿ. ಏಡಿಯ ಬೆನ್ನಿನ ಚಿಪ್ಪು ಎತ್ತಿದರೆ ಎರಡೂ ಬದಿಗೆ ಗರಿಯಂಥ ಮೆತ್ತನೆಯ ಸಾಲು ಕಾಣುತ್ತದೆ, ಅಡುಗೆಯಲ್ಲಿ ಕಿತ್ತೆಸೆಯುವಂಥದ್ದು. ಅದೇ ಅದರ ಕಿವಿರು. ಬಂಗುಡೆಯದನ್ನೂ ತೆರೆದು ಪಕ್ಕದಲ್ಲಿಡಿ. ಎರಡೂ ನೀರಲ್ಲೇ ಉಸಿರಾಡುವಂಥವು. ಮೀನಿನ ಕಿವಿರು ಗಂಟಲಲ್ಲಿದೆ, ಏಡಿಯದು ಕಾಲಿನ ಬುಡದಲ್ಲಿ.